ನೀರಿನ ನಡುವೆ ಬಾಯಾರುವ ಯಂತ್ರ

ಹುಣಸೂರು, ಪಿರಿಯಾಪಟ್ಟಣಗಳ ತಂಬಾಕು ಬೆಳೆಗಾರರಿಗೆ ಶಾಖವನ್ನು ಕಾಯುವ ಕಷ್ಟ ಚೆನ್ನಾಗಿ ಗೊತ್ತು. ಬ್ಯಾರನ್ನಿನಲ್ಲಿ ಸೊಪ್ಪನ್ನು ಹದಮಾಡುವ ದಿನಗಳಲ್ಲಿ ಅವರು ಹಗಲಿರುಳೂ ಉಷ್ಣಮಾಪಕದ ಮೇಲೆ ಕಣ್ಣಿಟ್ಟಿರುತ್ತಾರೆ; ಕೆಲವೇ ಡಿಗ್ರಿ ಏರುಪೇರಾದರೂ ಎಲೆಯ ಬಣ್ಣ ಕೆಡುತ್ತದೆ. ಇಂದು ನಾನು ಹೇಳಹೊರಟಿರುವುದು ಶಾಖವನ್ನು ಕಳೆಯುವ ಕಷ್ಟವನ್ನು. ಅದೂ ಸುತ್ತಲೂ ನೀರೇ ಇರುವ ಪಂದ್ಯದ ದೋಣಿಯಲ್ಲಿ.

ಎಂಜಿನ್ನಿನಲ್ಲಿ ಉರಿದ ಎಣ್ಣೆಯ ಶಾಖದಲ್ಲಿ ಸುಮಾರು ಮೂರನೆಯ ಒಂದು ಪಾಲು ಮಾತ್ರ ಕೆಲಸಕ್ಕೆ ಬರುತ್ತದೆ. ಇನ್ನೊಂದು ಪಾಲು ಹೊಗೆಯೊಡನೆ ಹೋಗುತ್ತದೆ. ಮಿಕ್ಕದ್ದನ್ನು ಲೋಹದಿಂದ ಹೊರಗೆ ಸಾಗಿಸಬೇಕು. ಕೃಷ್ಣರಾಜನಗರದ ಕಡೆ ಹೊಳೆಯ ದಡದಲ್ಲಿ ಡೀಸೆಲ್ ಪಂಪ್‌ಸೆಟ್ ನಡೆಸಿದವರು ಇದನ್ನು ಬಲ್ಲರು. ಎತ್ತಿದ ನೀರಿನಲ್ಲೇ ಒಂದಿಷ್ಟನ್ನು ಸಣ್ಣ ಕೊಳವೆಯಿಂದ ಎಂಜಿನ್ನಿಗೆ ಸುತ್ತಿಸಿ ಹೊರಬಿಡುವುದುಂಟು. ಆ ನೀರು ನಿಂತರೆ ಪಿಸ್ಟನ್ ಹಿಗ್ಗಿ ಹಿಡಿದುಕೊಳ್ಳುತ್ತದೆ.

ಹೆಗ್ಗಡದೇವನಕೋಟೆಯ ಕಬಿನಿ ಅಣೆಕಟ್ಟು 1974ರಲ್ಲಿ ಮುಗಿಯಿತು. ಅದರ ಹಿನ್ನೀರಿನಲ್ಲಿ ಆನೆಗಳನ್ನು ನೋಡಲು ಬರುವವರನ್ನು ಇಂದು ಯಂತ್ರದ ದೋಣಿಗಳು ಕರೆದೊಯ್ಯುತ್ತವೆ. ದೋಣಿಯ ಹಿಂಬದಿಗೆ ತೂಗುಹಾಕುವ ಇಂಥ ಎಂಜಿನ್ನುಗಳಲ್ಲಿ ಸಾಮಾನ್ಯವಾಗಿ ರಬ್ಬರಿನ ಚಿಕ್ಕ ಚಕ್ರವೊಂದು ನೀರನ್ನು ಎಳೆಯುತ್ತದೆ. ಪಕ್ಕದಿಂದ ಚಿಮ್ಮುವ ತೆಳುಧಾರೆಯೇ ಕ್ಷೇಮದ ಗುರುತು. ಕೆಸರೋ ಎಲೆಯೋ ಬಾಯಿಗೆ ಅಡ್ಡಬಂದರೆ ಧಾರೆ ನಿಲ್ಲುತ್ತದೆ. ಮುಳುಗಡೆಯಾದ ಕಾಡಿನ ಒಣಮರಗಳ ನಡುವೆ, ಸಂಜೆಗತ್ತಲಲ್ಲಿ, ದೋಣಿಯೂ ನಿಲ್ಲಬೇಕಾದೀತು.

ಪಂದ್ಯದ ದೋಣಿಯಲ್ಲಿ ತೊಡಕು ಇನ್ನೂ ಸೂಕ್ಷ್ಮ. ವೇಗ ಏರಿದಂತೆ ಅದರ ಒಡಲು ನೀರಿನಿಂದ ಮೇಲೇಳುತ್ತದೆ. ತಳದ ರಂಧ್ರ ಆಗ ನೀರಿನೊಡನೆ ಗಾಳಿಯನ್ನೂ ನುಂಗುತ್ತದೆ. ಓಟದ ರಭಸದಿಂದಲೇ ನೀರನ್ನು ತುಂಬಿಕೊಳ್ಳುವ ಏರ್ಪಾಡಾದರೆ, ದೋಣಿ ನಿಧಾನಿಸಿದಾಗ ನೀರು ಸಾಲದು. ನೀರು ಪೂರ್ತಿ ಬರಿದಾದರೆ ಉಷ್ಣಮಾಪಕವೂ ಸುಳ್ಳು ಹೇಳಬಹುದು; ಅದು ಅಳೆಯುವುದು ತನ್ನನ್ನು ಮುಟ್ಟಿದ ನೀರಿನ ಬಿಸಿಯನ್ನು. ಒಳಗೆ ಲೋಹ ಕಾಯುತ್ತಿರುತ್ತದೆ, ಮುಳ್ಳು ಸುಮ್ಮನಿರುತ್ತದೆ.

ಮಾಲ್ಕಂ ಕ್ಯಾಂಬೆಲ್ಲರು 1937ರಲ್ಲಿ ಮ್ಯಾಗಿಯೋರೆ ಸರೋವರದಲ್ಲಿ ಗಂಟೆಗೆ 129.5 ಮೈಲಿಗಳ ದಾಖಲೆ ಮಾಡಿದರು. ಅವರ ‘ಬ್ಲೂ ಬರ್ಡ್’ ದೋಣಿಯಲ್ಲಿದ್ದ ರೋಲ್ಸ್-ರಾಯ್ಸ್ ‘ಆರ್’ ಎಂಜಿನ್ ಮೊದಲು ಹುಟ್ಟಿದ್ದು ಷ್ನೈಡರ್ ಪಂದ್ಯದ ಕಡಲ ವಿಮಾನಗಳಿಗಾಗಿ. ಆ ವಿಮಾನಗಳಲ್ಲಿ ಬಿಸಿನೀರನ್ನು ರೆಕ್ಕೆಗಳ ಹೊದಿಕೆಯೊಳಗೆ ಹರಿಸಿ ಗಾಳಿಗೆ ಆರಿಸುತ್ತಿದ್ದರು. ದೋಣಿಗೆ ರೆಕ್ಕೆಯಿಲ್ಲ. 37 ಲೀಟರಿನ ಆ ಎಂಜಿನ್ನನ್ನು ನೀರಿಗಿಳಿಸಿದವರು ಶಾಖ ಹೊರಹೋಗುವ ದಾರಿಯನ್ನು ಹೊಸದಾಗಿಯೇ ಯೋಚಿಸಬೇಕಿತ್ತು.

ಪಂದ್ಯಕ್ಕೆ ಮುಂಚಿನ ಪರೀಕ್ಷೆಯ ಓಟಗಳು ನೋಡುವವರಿಗೆ ಬೇಸರ ತರುತ್ತವೆ. ಸ್ವಲ್ಪ ಓಡಿಸುವುದು, ನಿಲ್ಲಿಸುವುದು, ಮುಚ್ಚಳ ತೆಗೆದು ನೋಡುವುದು, ಕೊಳವೆ ಬದಲಿಸುವುದು, ಮತ್ತೆ ಓಡಿಸುವುದು. ದಡದ ಜನ ದೋಣಿ ಕೆಟ್ಟಿತೆಂದು ನಗಬಹುದು. ದಡದ ಬಳಿ ಕಂಡ ದೋಷಕ್ಕೆ ಸ್ಪ್ಯಾನರ್ ಸಾಕು. ಅದೇ ದೋಷ ನೂರು ಮೈಲಿಯ ವೇಗದಲ್ಲಿ ಕಂಡರೆ, ಎಂಜಿನ್ ಥಟ್ಟನೆ ಹಿಡಿದು ದೋಣಿಯ ಸಮತೋಲ ತಪ್ಪಿ, ಚಾಲಕನ ಪ್ರಾಣಕ್ಕೇ ಬಂದೀತು. ಆದ್ದರಿಂದ ಪರೀಕ್ಷೆಯ ದಿನ ದೋಣಿ ನಿಂತರೆ ಅದನ್ನು ಸೋಲೆನ್ನಬಾರದು. ಬ್ಯಾರನ್ನಿನ ಮುಂದೆ ನಿದ್ದೆಗೆಟ್ಟು ಕುಳಿತ ರೈತನ ತಾಳ್ಮೆಯೇ ಆ ಮೆಕ್ಯಾನಿಕ್ಕನಿಗೂ ಬೇಕು. ವೇಗದ ಹಿರಿಮೆಯನ್ನು ಹೊಗಳುವಾಗ ಈ ತಾಳ್ಮೆಯನ್ನೂ ನಾವು ನೆನೆಯಬೇಕು.