ಕರೆಯುವ ವಾಸನೆ, ಓಡಿಸುವ ವಾಸನೆ



ಮಳೆಗಾಲದಲ್ಲಿ ಅಣ್ಣಿಗೇರಿಯ ಯಾವುದೇ ದನದ ಕೊಟ್ಟಿಗೆಯ ಮುಂದೆ ಸ್ವಲ್ಪ ಹೊತ್ತು ನಿಂತು ನೋಡಿ. ಎತ್ತು ಬಾಲ ಬೀಸುತ್ತದೆ, ಕಾಲು ಕೊಡವುತ್ತದೆ, ಚರ್ಮ ಅದುರಿಸುತ್ತದೆ. ಅದರ ಕಾಲಿಗೆ ಅಂಟಿಕೊಂಡಿರುವುದು ಮನೆನೊಣದಂತೆಯೇ ಕಾಣುವ ಕೊಟ್ಟಿಗೆ ನೊಣ. ಇದರ ಬಾಯಿ ಸೂಜಿಯಂತೆ ಮುಂದಕ್ಕೆ ಚಾಚಿರುತ್ತದೆ. ಗಂಡು, ಹೆಣ್ಣು ಎರಡೂ ರಕ್ತ ಹೀರುತ್ತವೆ. ನೋವು, ರಕ್ತನಷ್ಟ, ಮೇವು ತಿನ್ನಲಾಗದ ಕಿರಿಕಿರಿ ಇವುಗಳಿಂದ ಹಾಲೂ ಕಡಿಮೆಯಾಗುತ್ತದೆ. ಕುರಿಗಳಿಗೆ ನೀಲಿ ನಾಲಿಗೆ ರೋಗ ತರುವುದು ತೀರ ಚಿಕ್ಕದಾದ ನುಸಿ. 2022ರಲ್ಲಿ ರಾಜ್ಯದ ದನಗಳನ್ನು ಕಾಡಿದ ಚರ್ಮಗಂಟು ರೋಗದ ಹರಡುವಿಕೆಯಲ್ಲೂ ಕಚ್ಚುವ ಕೀಟಗಳ ಪಾತ್ರವಿದೆ.

ಕತ್ತಲಲ್ಲೂ ಈ ಕೀಟಗಳಿಗೆ ದನ ಸಿಗುವುದು ಹೇಗೆ? ಉಸಿರಿನ ಇಂಗಾಲದ ಡೈಆಕ್ಸೈಡ್, ಮೈವಾಸನೆ, ಮೈಬಿಸಿ ಇವೇ ಅವುಗಳಿಗೆ ದಾರಿದೀಪ. ಎತ್ತಿನ ವಾಸನೆಯಲ್ಲಿರುವ ಆಕ್ಟೆನಾಲ್ ಎಂಬ ವಸ್ತು ಆಫ್ರಿಕಾದ ತ್ಸೆತ್ಸೆ ನೊಣವನ್ನು ಸೆಳೆಯುತ್ತದೆಂದು 1984ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಅದನ್ನೇ ಆಮಿಷವಾಗಿಟ್ಟು, ನೀಲಿ ಮತ್ತು ಕಪ್ಪು ಬಟ್ಟೆಯ ಬಲೆಗಳಲ್ಲಿ ನೊಣ ಹಿಡಿಯುತ್ತಾರೆ. ಆದರೆ ಅಲ್ಲಿಯ ವಾಟರ್‌ಬಕ್ ಎಂಬ ಜಿಂಕೆಯಂಥ ಪ್ರಾಣಿಯನ್ನು ತ್ಸೆತ್ಸೆ ಕಚ್ಚುವುದು ಅಪರೂಪ. ಅದರ ಮೈವಾಸನೆಯ ಅಂಶಗಳನ್ನು ತುಂಬಿದ ಕೊರಳಪಟ್ಟಿಯನ್ನು ನೈರೋಬಿಯ ಕೀಟವಿಜ್ಞಾನ ಕೇಂದ್ರ ದನಗಳಿಗಾಗಿ ರೂಪಿಸಿತು. ಹೀಗೆ ಒಂದು ವಾಸನೆ ಕರೆದರೆ ಇನ್ನೊಂದು ಓಡಿಸುತ್ತದೆ.

ನಮ್ಮ ಹಿರಿಯರು ಬೇವಿನ ಸೊಪ್ಪಿನ ಹೊಗೆ ಹಾಕುವುದು ಇದೇ ತತ್ತ್ವದ ಮೇಲೆ. ಬೇವಿನ ಎಣ್ಣೆ, ನೀಲಗಿರಿ ಎಣ್ಣೆ, ನಿಂಬೆಹುಲ್ಲಿನ ಎಣ್ಣೆಗಳೂ ಕೀಟಗಳನ್ನು ದೂರವಿಡುತ್ತವೆ. ಆದರೆ ಗಾಳಿಗೆ ಸೇರುವ ಅಣುಗಳಿಂದಲೇ ವಾಸನೆ. ಅವು ಹಾರಿಹೋದ ಮೇಲೆ ರಕ್ಷಣೆಯೂ ಇಲ್ಲ. ಆದ್ದರಿಂದ ಇವುಗಳ ಗುಣ ಕೆಲವೇ ಗಂಟೆಗಳದು. ಮುಚ್ಚಿದ ಕೊಟ್ಟಿಗೆಯಲ್ಲಿ ದಟ್ಟ ಹೊಗೆ ದನದ ಕಣ್ಣಿಗೂ ಶ್ವಾಸಕೋಶಕ್ಕೂ ಕೆಡುಕು. ಬಣವೆಯ ಬಳಿ ಬೆಂಕಿಯ ಭಯವೂ ಇದೆ.

ಹಾಗಾದರೆ ಮೂಲ ಪರಿಹಾರವೇನು? ದನ ತಿಂದು ಬಿಟ್ಟ ಕಣಿಕೆ, ಹೊಟ್ಟು, ಸಗಣಿ, ಮೂತ್ರ ಬೆರೆತು ಕೊಳೆಯುವ ಜಾಗದಲ್ಲೇ ಕೊಟ್ಟಿಗೆ ನೊಣ ಮೊಟ್ಟೆಯಿಡುತ್ತದೆ. ನಮ್ಮ ಎರೆನೆಲ ಬೇಗ ಒಣಗದು. ಮೊಟ್ಟೆ ನೊಣವಾಗಲು ಸಾಮಾನ್ಯವಾಗಿ ಎರಡು ಮೂರು ವಾರ ಬೇಕು. ಅಷ್ಟರೊಳಗೆ, ಅಂದರೆ ವಾರಕ್ಕೊಮ್ಮೆಯಾದರೂ, ಆ ಕಸ ತೆಗೆದು ನೆಲ ಒಣಗಿಸಿದರೆ ಸಂತತಿಯ ಸರಪಳಿ ತುಂಡಾಗುತ್ತದೆ. ಇಷ್ಟಾದರೂ ರೋಗಕ್ಕೆ ಲಸಿಕೆ ಬೇಕೇ ಬೇಕು. ಹೊಗೆ ಅದಕ್ಕೆ ಬದಲಿಯಲ್ಲ.

ನೀವೂ ಒಂದು ಪ್ರಯೋಗ ಮಾಡಿ. ಒಂದೇ ಹಸು, ಒಂದೇ ಹೊತ್ತು. ಹತ್ತು ನಿಮಿಷದಲ್ಲಿ ಎಷ್ಟು ಬಾರಿ ಕಾಲು ಕೊಡವಿತೆಂದು ಎಣಿಸಿ. ಕೊಟ್ಟಿಗೆ ಶುಚಿಗೊಳಿಸುವ ಮೊದಲು ಕೆಲವು ದಿನ, ಶುಚಿಗೊಳಿಸಿ ಮೂರು ವಾರ ಕಳೆದ ಮೇಲೆ ಕೆಲವು ದಿನ ಬರೆದಿಡಿ. ಆ ಎರಡು ಅಂಕಿಗಳನ್ನು ಮನೆಯ ಹಿರಿಯರ ಮುಂದಿಡಿ. ಮಾತು ಬಾರದ ದನದ ಪರವಾಗಿ ಅವು ಮಾತಾಡುತ್ತವೆ.