ರಕ್ತರೋಗ ಮತ್ತು ದಾದಿಯ ವಿದ್ಯೆ

(ಸಂಘದ ಉಚಿತ ವಾಚನಾಲಯದಲ್ಲಿ ಮಾಡಿದ ಭಾಷಣ)



ಈ ಸಂಜೆಯ ವಿಷಯ ವೈದ್ಯರ ಸಭೆಗೆ ಸೇರಿದ್ದೆಂದು ಕೆಲವರಿಗೆ ತೋರಬಹುದು. ಆದರೆ ವಿಶಾಖಪಟ್ಟಣದ ಬಂದರಿನಲ್ಲಿ, ಉಕ್ಕಿನ ಕಾರ್ಖಾನೆಯಲ್ಲಿ, ವಿಜಯವಾಡದ ರೈಲ್ವೆಯಲ್ಲಿ ದುಡಿಯುವ ನಮ್ಮಂಥವರ ಮನೆಗಳಲ್ಲಿ ನರ್ಸಿಂಗ್ ಓದುವ ಹೆಣ್ಣುಮಕ್ಕಳು ಇದ್ದಾರೆ. ಓದು ಮುಗಿದ ಮೇಲೆ ಮುಂದೇನು ಎಂಬುದು ಅವರ ಪ್ರಶ್ನೆ. ರಕ್ತರೋಗಗಳ ಚಿಕಿತ್ಸೆಯಲ್ಲಿ ವಿಶೇಷ ಶಿಕ್ಷಣ ಪಡೆಯುವುದು ಅದಕ್ಕೊಂದು ಉತ್ತರವಾಗಬಲ್ಲದು. ಆ ಶಿಕ್ಷಣ ಏಕೆ ಬೇಕು, ಯಾವ ಕಟ್ಟಿನೊಳಗೆ ಬೇಕು ಎಂಬುದನ್ನಷ್ಟೇ ಇಲ್ಲಿ ಹೇಳುತ್ತೇವೆ.

ವಿಶಾಖಪಟ್ಟಣದಿಂದ ನೂರು ಕಿಲೋಮೀಟರಿಗೂ ಆಚೆ ಅರಕು, ಪಾಡೇರುಗಳ ಬೆಟ್ಟಸೀಮೆ ಇದೆ. ಅಲ್ಲಿನ ಗಿರಿಜನರಲ್ಲಿ ಸಿಕಲ್ ಸೆಲ್ ಎಂಬ ರಕ್ತರೋಗ ಉಂಟು. ದುಂಡಗಿರಬೇಕಾದ ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗಿ, ಸಣ್ಣ ನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಆಗ ಮೂಳೆ ಮುರಿದಂಥ ನೋವು. ರಕ್ತ ಸಾಲದೆ ಆಯಾಸ. ತಂದೆತಾಯಿ ಇಬ್ಬರೂ ಈ ಗುಣವನ್ನು ಒಳಗೇ ಹೊತ್ತವರಾದರೆ, ಹುಟ್ಟುವ ಪ್ರತಿ ಮಗುವಿಗೂ ರೋಗ ಬರುವ ಸಂಭವ ನಾಲ್ಕರಲ್ಲಿ ಒಂದು. ಇದು ನಮ್ಮ ನಾಡಿಗೂ ಹೊಸದಲ್ಲ. ಭಾರತದಲ್ಲಿ ಇದನ್ನು ಮೊದಲು ಗುರುತಿಸಿದ್ದು 1952ರಲ್ಲಿ, ಚಾಮರಾಜನಗರಕ್ಕೆ ನೆರೆಯಾದ ನೀಲಗಿರಿಯಲ್ಲಿ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿಯೂ ಇದು ಇದೆ.

2023ರ ಜುಲೈ 1ರಂದು ಕೇಂದ್ರ ಸರ್ಕಾರ ಈ ರೋಗದ ನಿರ್ಮೂಲನೆಗೆ ರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿತು. ನಲವತ್ತು ವರ್ಷದೊಳಗಿನ 7 ಕೋಟಿ ಜನರ ರಕ್ತ ಪರೀಕ್ಷಿಸುವುದು, 2047ರೊಳಗೆ ರೋಗವನ್ನು ತೊಡೆಯುವುದು ಅದರ ಗುರಿ. ಒಳ್ಳೆಯದೇ. ಆದರೆ ಪರೀಕ್ಷೆ ಒಂದು ದಿನದ ಕೆಲಸ, ರೋಗವೋ ಬದುಕಿನುದ್ದದ್ದು. ಚೀಟಿಯಲ್ಲಿ 'ರೋಗ ಇದೆ' ಎಂದು ಬರೆದುಕೊಟ್ಟ ಮರುದಿನದಿಂದ ಆ ಮಗುವನ್ನು ನೋಡಿಕೊಳ್ಳುವವರು ಯಾರು?

ವಿಶಾಖಪಟ್ಟಣದ ಕಿಂಗ್ ಜಾರ್ಜ್ ಆಸ್ಪತ್ರೆ 1923ರಿಂದ ಈ ಸೀಮೆಯ ಬಡವರಿಗೆ ಆಸರೆ. ಆದರೆ ಬೆಟ್ಟದಿಂದ ಇಳಿದು ಬರುವ ತಂದೆಗೆ ಒಂದು ಭೇಟಿಯೆಂದರೆ ಬಸ್ಸಿನ ಖರ್ಚು, ಎರಡು ದಿನದ ಕೂಲಿ ನಷ್ಟ. ಹೈಡ್ರಾಕ್ಸಿಯೂರಿಯ ಎಂಬ ಮಾತ್ರೆ ನೋವಿನ ಸರದಿಗಳನ್ನು ಕಡಿಮೆ ಮಾಡುತ್ತದೆ. ಅದನ್ನು ನಿತ್ಯ ನುಂಗಬೇಕು. ಆಗಾಗ ರಕ್ತಕಣಗಳನ್ನು ಎಣಿಸಿ ಪ್ರಮಾಣವನ್ನು ಸರಿಪಡಿಸಬೇಕು. ಜ್ವರ, ಎದೆನೋವು, ಒಮ್ಮೆಲೇ ಬಿಳಿಚಿಕೊಳ್ಳುವುದು ಇವು ಕಂಡರೆ ತಡಮಾಡದೆ ಆಸ್ಪತ್ರೆಗೆ ಸಾಗಿಸಬೇಕು. ಇದನ್ನೆಲ್ಲ ಬೆಟ್ಟದ ಬುಡದಲ್ಲೇ ನೋಡಿಕೊಳ್ಳಲು ಪಳಗಿದ ದಾದಿ ಸಾಕು, ಆಕೆಗೆ ವಿದ್ಯೆಯೂ ಅಧಿಕಾರವೂ ಇದ್ದರೆ.

ರಕ್ತ ಕೊಡುವ ಕೆಲಸವನ್ನೇ ನೋಡಿ. ಒಬ್ಬರಿಗೆ ಕೊಡಬೇಕಾದ ಬಾಟಲಿಯನ್ನು ಇನ್ನೊಬ್ಬರಿಗೆ ಹಚ್ಚಿದರೆ ಪ್ರಾಣಕ್ಕೇ ಅಪಾಯ. ಹೆಸರು, ಗುಂಪು, ಚೀಟಿ ತಾಳೆನೋಡಿ, ಮೊದಲ ಹದಿನೈದು ನಿಮಿಷ ಹಾಸಿಗೆಯ ಪಕ್ಕದಲ್ಲಿ ನಿಂತು ನೋಡುವವಳು ದಾದಿಯೇ.

ಅಮೆರಿಕದಲ್ಲಿ ಈ ದಾರಿ 1965ರಲ್ಲಿ ತೆರೆಯಿತು. ಕೊಲೊರಾಡೊದಲ್ಲಿ ಲೊರೆಟ್ಟಾ ಫೋರ್ಡ್ ಎಂಬ ದಾದಿ, ಹೆನ್ರಿ ಸಿಲ್ವರ್ ಎಂಬ ಮಕ್ಕಳ ವೈದ್ಯರೊಡನೆ ಸೇರಿ ನರ್ಸ್ ಪ್ರಾಕ್ಟೀಷನರ್ ಶಿಕ್ಷಣವನ್ನು ಆರಂಭಿಸಿದರು. ಅದೇ ವರ್ಷ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಡಾ. ಯೂಜೀನ್ ಸ್ಟೆಡ್, ನೌಕಾಪಡೆಯ ಆಸ್ಪತ್ರೆಗಳಲ್ಲಿ ದುಡಿದು ಬಂದವರನ್ನು ವೈದ್ಯ ಸಹಾಯಕರಾಗಿ ತಯಾರುಮಾಡಿದರು. ಈಗ ಅಲ್ಲಿನ ಕೆಲವು ದೊಡ್ಡ ಆಸ್ಪತ್ರೆಗಳು ಇಂಥವರಿಗೆ ಸುಮಾರು ಒಂದು ವರ್ಷದ ಫೆಲೋಷಿಪ್ ಕೊಡುತ್ತವೆ. ಸಂಬಳ ಪಡೆಯುತ್ತಲೇ ಅವರು ತಜ್ಞರ ಕೈಕೆಳಗೆ ರಕ್ತರೋಗಗಳ ಚಿಕಿತ್ಸೆಯನ್ನು ಕಲಿಯುತ್ತಾರೆ.

ನಮ್ಮ ದೇಶವೂ ಸುಮ್ಮನೆ ಕುಳಿತಿಲ್ಲ. 1992ರಲ್ಲಿ ಮದರಾಸಿನಲ್ಲಿ ಡಾ. ಕೆ. ಎಂ. ಚೆರಿಯನ್ ಅವರು ಹೃದಯ ಶಸ್ತ್ರಚಿಕಿತ್ಸೆಗಾಗಿ ವೈದ್ಯ ಸಹಾಯಕರ ಶಿಕ್ಷಣವನ್ನು ಆರಂಭಿಸಿದರು. 2021ರ ಕಾಯಿದೆ ಈ ವೃತ್ತಿಗೆ ಮನ್ನಣೆ ಕೊಟ್ಟಿತು. ಭಾರತೀಯ ನರ್ಸಿಂಗ್ ಪರಿಷತ್ತು 2016-17ರ ಸುಮಾರಿಗೆ ತೀವ್ರ ನಿಗಾ ವಿಭಾಗಕ್ಕೆ ಎರಡು ವರ್ಷದ ನರ್ಸ್ ಪ್ರಾಕ್ಟೀಷನರ್ ಶಿಕ್ಷಣವನ್ನು ತಂದಿತು. ಬಳಿಕ ಹೆರಿಗೆಯ ಸರದಿ ಬಂದಿತು. ರಕ್ತರೋಗಕ್ಕೂ ಇಂಥ ದಾರಿ ಆಗಬೇಕೆಂಬುದು ನಮ್ಮ ಮಾತು. ಕಲಿಯಲು ಕಿಂಗ್ ಜಾರ್ಜ್ ಆಸ್ಪತ್ರೆಯಂಥ ಜಾಗವಿದೆ. ಪದವಿ ಕೊಡಲು 1986ರಲ್ಲಿ ಸ್ಥಾಪನೆಯಾದ ಆರೋಗ್ಯ ವಿಶ್ವವಿದ್ಯಾಲಯ ವಿಜಯವಾಡದಲ್ಲೇ ಇದೆ.

'ಶ್ರೀಮಂತನಿಗೆ ಪೂರಾ ಡಾಕ್ಟರು, ಬಡವನಿಗೆ ಅರ್ಧ ಡಾಕ್ಟರೋ?' ಎಂದು ಕೇಳುವವರುಂಟು. 2019ರಲ್ಲಿ ಸಮುದಾಯ ಆರೋಗ್ಯ ಸೇವಕರಿಗೆ ಮಿತವಾದ ಪರವಾನಗಿ ಕೊಡುವ ಕಾನೂನು ಬಂದಾಗ ವೈದ್ಯರು ದೇಶದಾದ್ಯಂತ ಮುಷ್ಕರ ಹೂಡಿದರು. ಆ ಅಂಜಿಕೆಯನ್ನು ನಾವು ತಳ್ಳಿಹಾಕುವುದಿಲ್ಲ. ಆದಕಾರಣವೇ ಕಟ್ಟು ಬೇಕು. ದಾದಿ ಏನನ್ನು ತಾನೇ ಮಾಡಬಹುದು, ಯಾವುದಕ್ಕೆ ವೈದ್ಯರನ್ನು ಕೇಳಬೇಕು ಎಂಬುದು ಬರಹದಲ್ಲಿರಬೇಕು. ಕೇಳಿದಾಗ ಉತ್ತರಿಸುವ ತಜ್ಞರು ಇರಬೇಕು. ಇಂದು ಬೆಟ್ಟದ ಮಗುವಿಗಿರುವ ಆಯ್ಕೆ ಪೂರಾ ಡಾಕ್ಟರೋ ಅರ್ಧ ಡಾಕ್ಟರೋ ಎಂಬುದಲ್ಲ. ಯಾರಾದರೂ ಇದ್ದಾರೋ ಇಲ್ಲವೋ ಎಂಬುದು.

ಕೊನೆಗೆ ತಂದೆತಾಯಿಗಳಿಗೆ ಒಂದು ಮಾತು. 'ಫೆಲೋಷಿಪ್' ಎಂಬ ಹೆಸರು ಕಂಡೊಡನೆ ಸಾಲಮಾಡಿ ಶುಲ್ಕ ಕಟ್ಟಬೇಡಿ. ಮೊದಲು ಮೂರು ಪ್ರಶ್ನೆ ಕೇಳಿ: ಈ ಶಿಕ್ಷಣಕ್ಕೆ ನರ್ಸಿಂಗ್ ಪರಿಷತ್ತಿನ ಇಲ್ಲವೇ ವಿಶ್ವವಿದ್ಯಾಲಯದ ಮನ್ನಣೆ ಉಂಟೇ? ರಕ್ತರೋಗಿಗಳಿರುವ ವಾರ್ಡಿನಲ್ಲಿ ಎಷ್ಟು ತಿಂಗಳ ಕೆಲಸ? ಮುಗಿಸಿದವರಿಗೆ ಹೊಸದಾಗಿ ಯಾವ ಅಧಿಕಾರ ಸಿಗುತ್ತದೆ? ಉತ್ತರವನ್ನು ಬರಹದಲ್ಲೇ ಪಡೆಯಿರಿ. ಅರ್ಜಿ ಓದಲು, ಬರೆಯಲು ನೆರವು ಬೇಕಾದವರು ಸಂಜೆ ವಾಚನಾಲಯಕ್ಕೆ ಬನ್ನಿ. ನಾವು ಜೊತೆಗೆ ಕುಳಿತು ನೋಡೋಣ.