ಎರೆಭೂತದ ಚಿತ್ರ ಯಾರ ಸ್ವತ್ತು?



ಪ್ರಾಣಿಯ ಚಿತ್ರ ಬಳ್ಳಾರಿ ಸೀಮೆಗೆ ಹೊಸದಲ್ಲ. ಊರ ಪಕ್ಕದ ಸಂಗನಕಲ್ಲು-ಕಪ್ಪಗಲ್ಲು ಗುಡ್ಡದ ಕರಿಬಂಡೆಗಳ ಮೇಲೆ ನವಶಿಲಾಯುಗದ ದನಗಾಹಿಗಳು ಕುಟ್ಟಿ ಕುಟ್ಟಿ ಮೂಡಿಸಿದ ಎತ್ತುಗಳಿವೆ. ಕುರುಗೋಡಿನ ದೊಡ್ಡಬಸವಣ್ಣ ಏಕಶಿಲೆಯಲ್ಲಿ ಕೂತ ದೈವ. ಅವನ ಗೊರಸನ್ನು ಅಳೆದು ಸರಿಯೋ ತಪ್ಪೋ ಎಂದು ಯಾರೂ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ನಾನಿವತ್ತು ಹೇಳಹೊರಟಿರುವುದು ಅಳತೆ ತಪ್ಪಿದರೆ ಕೆಲಸಕ್ಕೆ ಬಾರದ ಇನ್ನೊಂದು ಜಾತಿಯ ಚಿತ್ರದ ಬಗ್ಗೆ.

ಉದಾಹರಣೆಗೆ ದೂರ ಹೋಗುವುದು ಬೇಡ. ಸಿರುಗುಪ್ಪ ತಾಲೂಕಿನ ಎರೆಹೊಲಗಳ ಹಕ್ಕಿ ಎರೆಭೂತವನ್ನೇ ತೆಗೆದುಕೊಳ್ಳೋಣ. 1831ರಲ್ಲಿ ಪಕ್ಷಿಶಾಸ್ತ್ರಜ್ಞ ವಿಗರ್ಸ್ ಅದಕ್ಕೆ ಶಾಸ್ತ್ರೀಯ ಹೆಸರಿಟ್ಟ. ಅದೇ ಹೊತ್ತಿಗೆ ಲಂಡನ್ನಿನಲ್ಲಿ ಜಾನ್ ಗೌಲ್ಡ್ ಹಿಮಾಲಯದ ಹಕ್ಕಿಗಳ ದೊಡ್ಡ ಗ್ರಂಥವೊಂದನ್ನು ಹೊರತರುತ್ತಿದ್ದ. ಬಯಲುಸೀಮೆಯ ಈ ಹಕ್ಕಿಯೂ ಅದರೊಳಗೆ ಸೇರಿಕೊಂಡಿತು! ಆ ಗ್ರಂಥದ ಚಿತ್ರಗಳನ್ನು ಕಲ್ಲಚ್ಚಿಗೆ ಇಳಿಸಿದವಳು ಅವನ ಹೆಂಡತಿ ಎಲಿಜಬೆತ್. ಆಕೆ ಭಾರತವನ್ನೇ ಕಂಡವಳಲ್ಲ. ಕಂಡದ್ದು ಹಡಗಿನಲ್ಲಿ ಬಂದ ತೊಗಲುಗಳನ್ನು.

ಬಳ್ಳಾರಿ ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಆ ಪ್ರಾಂತ್ಯದ ಸರ್ಜನ್ ಜರ್ಡನ್ 1843ರಿಂದ 1847ರ ನಡುವೆ ಮದ್ರಾಸಿನಲ್ಲಿ 50 ಚಿತ್ರಫಲಕಗಳ ಪಕ್ಷಿಗ್ರಂಥವನ್ನು ಹೊರತಂದ. ಕೆಲವನ್ನು ವಾರ್ಡ್ ಎಂಬ ಇಂಗ್ಲಿಷ್ ಅಧಿಕಾರಿ ಬರೆದ. ಅವನ ಹೆಸರು ಉಳಿದಿದೆ. ಉಳಿದ ಹೆಚ್ಚಿನವನ್ನು ಬರೆದವರು 'ನೇಟಿವ್ ಕಲಾವಿದರು', ಅಷ್ಟೆ. ಕಲ್ಕತ್ತೆಯಲ್ಲಿ ಮೇರಿ ಇಂಪಿ ಎಂಬ ಇಂಗ್ಲಿಷ್ ಮಹಿಳೆಗೆ ಚಿತ್ರ ಬರೆದುಕೊಟ್ಟ ಶೇಖ್ ಜೈನುದ್ದೀನ್, ಭವಾನಿದಾಸ್, ರಾಮದಾಸರನ್ನು ನಾವು ಇವತ್ತಿಗೂ ನೆನೆಯುತ್ತೇವೆ. ಕಾರಣ, ಚಿತ್ರದ ಮೇಲೇ ಅವರ ಹೆಸರಿದೆ. ಜರ್ಡನ್ನನ ಫಲಕಗಳಲ್ಲಾದರೆ, ಹಕ್ಕಿಗೆ ಎರಡು ಪದಗಳ ಲ್ಯಾಟಿನ್ ಹೆಸರು ಕೊಟ್ಟ ವಿಜ್ಞಾನ, ಅದನ್ನು ಬರೆದ ಕೈಗೆ ಒಂದು ಪದವನ್ನೂ ಕೊಡಲಿಲ್ಲ. ಇದು ಮರೆವಲ್ಲ, ಅನ್ಯಾಯ ಎಂದೇ ನನ್ನ ಅಭಿಪ್ರಾಯ.

ಈಗ ಕೆಲಸದ ಬಗೆ ನೋಡೋಣ. ಜರ್ಡನ್ ಕಾಲದಲ್ಲಿ ಹಕ್ಕಿಯನ್ನು ಹೊಡೆದು, ಬಣ್ಣ ಮಾಸುವ ಮುಂಚೆ ಬರೆಯುತ್ತಿದ್ದರು. ಇವತ್ತು ಎರೆಭೂತ 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ. 2011ರಿಂದ ಅಳಿವಿನ ಅಂಚಿನ ಜೀವಿಗಳ ಸಾಲಿನಲ್ಲಿದೆ. ಹಾಗಾಗಿ ಕಲಾವಿದನಿಗೆ ದಿಕ್ಕು ಮ್ಯೂಸಿಯಮ್ಮಿನ ತೊಗಲು, ಫೋಟೊ, ಹೊಲದಲ್ಲಿ ನೋಡಿ ಗೀಚಿಕೊಂಡ ಟಿಪ್ಪಣಿ. ತೊಗಲನ್ನು ಪೂರ್ತಿ ನಂಬುವ ಹಾಗಿಲ್ಲ. ತುಂಬಿದವನು ಎಳೆದಷ್ಟು ಕತ್ತು ಉದ್ದವಾಗಿರುತ್ತದೆ. ಕಣ್ಣಿರುವ ಜಾಗದಲ್ಲಿ ಹತ್ತಿ. ಕಾಲಿನ ಬಣ್ಣ ಹೋಗಿರುತ್ತದೆ. ಅದನ್ನೆಲ್ಲ ಬದುಕಿದ ಹಕ್ಕಿಯ ಫೋಟೊ ನೋಡಿ ತಿದ್ದಬೇಕು. ಹಾಗಾದರೆ ಫೋಟೊವನ್ನೇ ಅಚ್ಚು ಹಾಕಬಾರದೇಕೆ ಎಂದು ಕೇಳುವವರಿದ್ದಾರೆ. ಫೋಟೊ ತೋರಿಸುವುದು ಆ ಒಂದು ಹಕ್ಕಿಯನ್ನು, ಆ ಗಳಿಗೆಯ ಬಿಸಿಲಿನಲ್ಲಿ. ಚಿತ್ರ ತೋರಿಸಬೇಕಾದದ್ದು ಇಡೀ ಜಾತಿಯನ್ನು: ಗಂಡಿನ ಕಪ್ಪು ನೆತ್ತಿ, ಬಿಳಿ ಕತ್ತು, ಎದೆಯ ಕಪ್ಪು ಪಟ್ಟಿ; ಹೆಣ್ಣಿನಲ್ಲಿ ಮಸುಕಾದ, ತುಂಡಾದ ಪಟ್ಟಿ; ಮುಂದೆ ಮೂರೇ ಬೆರಳು, ಹಿಂಬೆರಳಿಲ್ಲ. ಹುಲ್ಲಿನಲ್ಲಿ ನಿಂತ ಹಕ್ಕಿಯ ಫೋಟೊದಲ್ಲಿ ಆ ಬೆರಳು ಕಾಣುವುದೇ ಅಪರೂಪ. ಚಿತ್ರದಲ್ಲಿ ಹುಲ್ಲನ್ನು ಸರಿಸಬಹುದು.

ಬೆಳಕು ಎಡಮೇಲಿನಿಂದ ಬೀಳುವಂತೆ ಬರೆಯುವುದು ಈ ವೃತ್ತಿಯ ರೂಢಿ. ಮೊದಲು ಪೆನ್ಸಿಲ್ಲಿನ ಕಚ್ಚಾ ಪ್ರತಿ. ಅದು ತಜ್ಞರ ಬಳಿ ಹೋಗಿ ಕೆಂಪು ಗುರುತುಗಳೊಂದಿಗೆ ಮರಳುತ್ತದೆ. ರೆಕ್ಕೆಯ ಗರಿ ಒಂದು ಹೆಚ್ಚಾಗಿದ್ದರೂ ತಿದ್ದಬೇಕು. ಆಮೇಲೆ ಜಲವರ್ಣ; ಕಪ್ಪು-ಬಿಳುಪಾದರೆ ಶಾಯಿಯ ಚುಕ್ಕೆ, ಮೂಲೆಯಲ್ಲಿ ಅಳತೆಗೆರೆ. ಬಣ್ಣ ಹಚ್ಚಿದ ಮೇಲೆ 'ಕತ್ತು ಸ್ವಲ್ಪ ತಿರುಗಿಸಿ' ಎನ್ನುವ ಗಿರಾಕಿ ಎಲ್ಲ ಊರಲ್ಲೂ ಇದ್ದಾನೆ. ಆದ್ದರಿಂದ ಎಷ್ಟು ಸಲ ತಿದ್ದಿಕೊಡಬೇಕು, ಮುಂಗಡ ಎಷ್ಟು ಎಂಬುದು ಕೆಲಸ ಹಿಡಿಯುವ ದಿನವೇ ಕಾಗದದ ಮೇಲೆ ಇರಲಿ.

ಕಾಗದದ ಮೇಲೆ ಇಲ್ಲದಿದ್ದರೆ ಏನಾಗುತ್ತದೆ? 1957ರ ಕಾಪಿರೈಟ್ ಕಾಯ್ದೆಯ 17ನೇ ಸೆಕ್ಷನ್ ಓದಿ. ಬರೆದವನೇ ಮೊದಲ ಒಡೆಯ ಎಂದು ಶುರುವಾಗುತ್ತದೆ. ಕೆಳಗೆ ಬಂದರೆ, ಯಾರದೋ ಕೋರಿಕೆಯ ಮೇಲೆ ಹಣ ಪಡೆದು ಮಾಡಿದ ಪೇಂಟಿಂಗ್, ಭಾವಚಿತ್ರ, ಎನ್‌ಗ್ರೇವಿಂಗ್, ಫೋಟೊಗಳಿಗೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಮಾಡಿಸಿದವರೇ ಒಡೆಯರು ಎಂದಿದೆ. ಸಂಬಳಕ್ಕಿರುವ ಕಲಾವಿದನ ವಿಷಯದಲ್ಲಿ ಕೆಲಸ ಕೊಟ್ಟ ಧಣಿ. ಇದರಲ್ಲೊಂದು ವಿಚಿತ್ರವಿದೆ: ಆ ಪಟ್ಟಿಯಲ್ಲಿ 'ಡ್ರಾಯಿಂಗ್' ಎಂಬ ಮಾತಿಲ್ಲ. ಅಕ್ಷರಶಃ ಓದಿದರೆ, ಅದೇ ಎರೆಭೂತವನ್ನು ಶಾಯಿಯ ಗೆರೆಯಲ್ಲಿ ಬರೆದುಕೊಟ್ಟರೆ ಹಕ್ಕು ಕಲಾವಿದನದು, ಬಣ್ಣದಲ್ಲಿ ಬರೆದುಕೊಟ್ಟರೆ ಮಾಡಿಸಿದವರದು. ಇಂಥ ಕೂದಲೆಳೆಯ ಮೇಲೆ ಹೊಟ್ಟೆಪಾಡು ತೂಗಬಾರದು.

ಮನೆ ಮಾರುವುದು ಬೇರೆ, ಬಾಡಿಗೆಗೆ ಕೊಡುವುದು ಬೇರೆ. ಹಕ್ಕನ್ನು ಪೂರ್ತಿ ಬರೆದುಕೊಡುವುದು ಮಾರಾಟ, ಲೈಸೆನ್ಸ್ ಬಾಡಿಗೆ. ಒಂದು ಪುಸ್ತಕಕ್ಕೆ, ಇಷ್ಟು ಪ್ರತಿಗೆ, ಇಷ್ಟು ವರ್ಷಕ್ಕೆ ಎಂದು ಲೈಸೆನ್ಸ್ ಕೊಟ್ಟರೆ, ನಾಳೆ ಅದೇ ಚಿತ್ರ ಟೀ ಶರ್ಟಿನ ಮೇಲೆ ಬರಬೇಕಾದರೆ ಮತ್ತೆ ಕೇಳಬೇಕು, ಮತ್ತೆ ಕೊಡಬೇಕು. ಹಕ್ಕು ಬರೆದುಕೊಟ್ಟಾಗಲೂ ಅವಧಿ ಹೇಳಿರದಿದ್ದರೆ ಐದು ವರ್ಷ, ಪ್ರದೇಶ ಹೇಳಿರದಿದ್ದರೆ ಭಾರತ ಮಾತ್ರ ಎಂದು 19ನೇ ಸೆಕ್ಷನ್ ಹೇಳುತ್ತದೆ. ಎಲ್ಲ ಮಾರಿದ ಮೇಲೂ ಚಿತ್ರದ ಕರ್ತೃ ತಾನೆಂದು ಹೇಳಿಕೊಳ್ಳುವ ಹಕ್ಕು 57ರಂತೆ ಉಳಿಯುತ್ತದೆ. ಶಾಲೆಗಳಿಗೆ ಪುಕ್ಕಟೆ ಹಂಚಬೇಕೆಂಬ ಮನಸ್ಸಿದ್ದರೆ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್ ಇದೆ. ಅಲ್ಲೂ ಹೆಸರು ಹಾಕಲೇಬೇಕು. ಇನ್ನೊಂದು ಎಚ್ಚರ: ಬೇರೆಯವರ ಫೋಟೊದ ಮೇಲೆ ಕಾಗದವಿಟ್ಟು ಗೆರೆ ಎಳೆದರೆ ಅದು ಸ್ವಂತ ಚಿತ್ರವಾಗುವುದಿಲ್ಲ, ಫೋಟೊದ ಹಕ್ಕುದಾರರ ಒಪ್ಪಿಗೆ ಬೇಕು. ಜರ್ಡನ್ನನ ಫಲಕಗಳಿಗಾದರೆ ಈ ತೊಡಕಿಲ್ಲ. ಅವುಗಳ ಕಾಪಿರೈಟ್ ಎಂದೋ ಮುಗಿದಿದೆ.

ಸಭೆಯಲ್ಲಿ ಪಂಚಾಯಿತಿಯವರಿದ್ದೀರಿ, ಮೇಷ್ಟ್ರುಗಳಿದ್ದೀರಿ, ಅರಣ್ಯ ಇಲಾಖೆಯವರಿದ್ದೀರಿ. ಸಿರುಗುಪ್ಪದ ಹೊಲದಂಚಿಗೆ ಎರೆಭೂತದ ಫಲಕ ಹಾಕಿಸುವ ದಿನ ಇಂಟರ್ನೆಟ್ಟಿನಿಂದ ಚಿತ್ರ ಎತ್ತಬೇಡಿ. ಈ ಜಿಲ್ಲೆಯ ಕಲಾವಿದರೊಬ್ಬರಿಗೆ ಕೆಲಸ ಕೊಡಿ, ಒಂದು ಪುಟದ ಕರಾರು ಬರೆಯಿರಿ, ಫಲಕದ ಕೆಳಗೆ ಅವರ ಹೆಸರನ್ನು ದೂರದಿಂದಲೂ ಓದಲು ಬರುವಷ್ಟು ದೊಡ್ಡದಾಗಿ ಬರೆಸಿ.